ನಲ್ಲಿಯಲ್ಲಿ ಕುದಿನೀರು ಸರಿ, ಗೋಡೆಯಲ್ಲಿ ಅರ್ಥಿಂಗ್ ಇದೆಯೇ?

ಅಡುಗೆಮನೆಯ ಸಿಂಕಿಗೆ ಈಗ ಮೂರನೆಯ ನಲ್ಲಿ ಬರುತ್ತಿದೆ. ಒಂದರಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು, ಮೂರನೆಯದರಲ್ಲಿ ಕುದಿನೀರು. ಪಾತ್ರೆ ಇಡುವ, ಒಲೆ ಹಚ್ಚುವ, ಕಾಯುತ್ತ ನಿಲ್ಲುವ ರಗಳೆಯಿಲ್ಲ. ತಿರುಗಿಸಿದರೆ ಹಬೆಯಾಡುವ ನೀರು ಲೋಟಕ್ಕೆ ಬೀಳುತ್ತದೆ. ಯುರೋಪಿನವರಿಗೆ ಇದು ಹಳೆಯ ಸಂಗತಿ. ನಮ್ಮಲ್ಲಿ ಸದ್ಯಕ್ಕೆ ದುಬಾರಿ ಮಾಡ್ಯುಲರ್ ಅಡುಗೆಮನೆಗಳ ಮಟ್ಟಿಗೆ ಕಾಲಿಟ್ಟಿದೆ. ಇತ್ತ ಆನ್‌ಲೈನ್ ಅಂಗಡಿಗಳಲ್ಲಿ ಒಂದೂವರೆ, ಎರಡು ಸಾವಿರ ರೂಪಾಯಿಗೆ ಪ್ಲಾಸ್ಟಿಕ್ ಮೈಯ, ಅಂಕಿ ಮಿನುಗುವ ಪುಟ್ಟ ಪರದೆಯ ನಲ್ಲಿಯೂ ಸಿಗುತ್ತದೆ. ಅದಕ್ಕೂ ಹೆಸರು ‘ಇನ್‌ಸ್ಟಂಟ್’ ನಲ್ಲಿಯೇ.

ಹೊರಗಿನಿಂದ ಎರಡೂ ನಲ್ಲಿ. ಒಳಗೆ ಒಂದಕ್ಕೊಂದು ಸಂಬಂಧವಿಲ್ಲದ ಯಂತ್ರಗಳು. ಸಂಬಂಧವಿರುವುದು ಒಂದೇ ವಿಷಯದಲ್ಲಿ: ಎರಡೂ ನೀರಿನ ಪಕ್ಕದಲ್ಲೇ ಕರೆಂಟನ್ನು ಕೂರಿಸುತ್ತವೆ, ಎರಡೂ ಸದ್ದಿಲ್ಲದೆ ಸುಡುತ್ತವೆ. ಆದ್ದರಿಂದ ಕೊಳ್ಳುವ ಮೊದಲು ನಲ್ಲಿಯ ಬೆಲೆ ಕೇಳುವಷ್ಟೇ ಮುತುವರ್ಜಿಯಿಂದ ಮನೆಯ ವೈರಿಂಗಿನ ಯೋಗಕ್ಷೇಮವನ್ನೂ ಕೇಳಬೇಕು. ಈ ವಾರದ ಮಾತು ಇಷ್ಟೇ. ಲೆಕ್ಕ ಮಾತ್ರ ಸ್ವಲ್ಪ ಉದ್ದ.

ಮೊದಲು ಅಸಲಿ ಕುದಿನೀರಿನ ನಲ್ಲಿ. ಅದರ ಹುಟ್ಟು ಡಚ್ಚರ ನಾಡಿನಲ್ಲಿ. 1970ರಲ್ಲಿ ಯೂನಿಲಿವರ್ ಕಂಪನಿಯಲ್ಲಿದ್ದ ಹೆನ್ರಿ ಪೆಟೆರಿ ಎಂಬಾತನಿಗೆ, ಅಲ್ಲಿ ತಯಾರಾಗುತ್ತಿದ್ದ ದಿಢೀರ್ ಸೂಪನ್ನು ನೋಡಿ ಒಂದು ತಕರಾರು ಹುಟ್ಟಿತು: ಸೂಪು ದಿಢೀರ್ ಆಗಬೇಕಾದರೆ ಕುದಿನೀರೂ ದಿಢೀರ್ ಸಿಗಬೇಕಲ್ಲ? ಆತ ಕೆಲಸ ಬಿಟ್ಟು ಮನೆಯ ನೆಲಮಾಳಿಗೆಯಲ್ಲಿ ಪ್ರಯೋಗಕ್ಕೆ ಕೂತ. ಮುಂದೆ ಮಕ್ಕಳೂ ಕೈಜೋಡಿಸಿದರು. ಅದೇ ಇಂದಿನ ಕ್ವೂಕರ್. ಆಸ್ಟ್ರೇಲಿಯಾದ ಜಿಪ್‌ನಂಥ ಕಂಪನಿಗಳೂ ಇಂಥ ನಲ್ಲಿಗಳನ್ನು ಮಾಡುತ್ತವೆ.

ಇದರ ಗುಟ್ಟು ನಲ್ಲಿಯಲ್ಲಿಲ್ಲ, ಸಿಂಕಿನ ಕೆಳಗೆ ಅಡಗಿ ಕೂತ ಟ್ಯಾಂಕಿನಲ್ಲಿದೆ. ಕ್ವೂಕರ್ ಟ್ಯಾಂಕಿನ ನೀರು ಒತ್ತಡದಲ್ಲಿ 108 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಪ್ರೆಷರ್ ಕುಕ್ಕರಿನೊಳಗಿನ ನೀರಿನ ಹಾಗೆ, 100 ಡಿಗ್ರಿ ದಾಟಿದರೂ ಒತ್ತಡ ಇರುವಷ್ಟು ಹೊತ್ತು ಅದು ಕುದಿಯುವುದಿಲ್ಲ. ನಲ್ಲಿ ತೆರೆದೊಡನೆ ಒತ್ತಡ ಇಳಿಯುತ್ತದೆ, ನೀರು ಹೊರಬೀಳುತ್ತಲೇ ಕುದಿಯುತ್ತದೆ. ಒಂದಿಷ್ಟು ಭಾಗ ಅಲ್ಲೇ ಹಬೆಯಾಗುತ್ತದೆ. ಈ ನಲ್ಲಿಗಳ ಬಾಯಲ್ಲಿ ಗಟ್ಟಿ ಧಾರೆ ಕಾಣದೆ ಹನಿಗಳಾಗಿ ಒಡೆದ ನೀರು ಬುಸ್ಸೆಂದು ಬರುವುದು ಇದೇ ಕಾರಣಕ್ಕೆ.

ಟ್ಯಾಂಕಿಲ್ಲದೆ, ಬಂದ ನೀರನ್ನು ಬಂದಂತೆಯೇ ಕುದಿಸಿ ಕೊಡಲು ಬಾರದೇ? ಬಂದೀತು, ಮನೆಗೆ ಅಷ್ಟು ಕರೆಂಟು ಇದ್ದರೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ಏರಿಸಲು ಸುಮಾರು 300 ಕಿಲೋಜೂಲ್ ಶಾಖ ಬೇಕು. ನಿಮಿಷಕ್ಕೆ 2 ಲೀಟರಿನಂತೆ ಕುದಿನೀರು ಹರಿಯಬೇಕಾದರೆ ಸುಮಾರು 10 ಕಿಲೋವಾಟ್ ವಿದ್ಯುತ್ ಒಂದೇ ಸಮನೆ ಬೇಕಾಗುತ್ತದೆ. ನಮ್ಮ ಸಾಮಾನ್ಯ ಮನೆಗಳಿಗೆ ಮಂಜೂರಾದ ಲೋಡ್ 3ರಿಂದ 5 ಕಿಲೋವಾಟ್ ಆಸುಪಾಸಿನದು. ಹಾಗಾಗಿ ತಕ್ಷಣ ಸಿಗುವ ಕುದಿನೀರೆಂದರೆ ಮೊದಲೇ ಕುದಿಸಿ ಕಾಪಿಟ್ಟ ನೀರು. ಯಾರೋ ಆಗಲೇ ಕಾದಿದ್ದಾರೆ, ಕರೆಂಟು ಆಗಲೇ ಖರ್ಚಾಗಿದೆ. ನಮಗೆ ಕಾಣಲಿಲ್ಲ ಅಷ್ಟೆ.

ಇನ್ನು ಒಂದೂವರೆ ಸಾವಿರದ ನಲ್ಲಿ. ಅದರೊಳಗೆ ಟ್ಯಾಂಕಿಲ್ಲ, ನೀರು ಹರಿಯುವ ದಾರಿಯಲ್ಲೇ 3 ಕಿಲೋವಾಟಿನ ಒಂದು ಕಾಯಿಲ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಹರಿದರೆ ಅದು ನೀರನ್ನು ಏರಿಸಬಲ್ಲದ್ದು 21 ಡಿಗ್ರಿಯಷ್ಟು ಮಾತ್ರ. ತಾರಸಿಯ ಟ್ಯಾಂಕಿನಲ್ಲಿ 24 ಡಿಗ್ರಿ ಇದ್ದ ನೀರು 45ಕ್ಕೆ ಬರುತ್ತದೆ. ಜಿಡ್ಡು ಪಾತ್ರೆ ತೊಳೆಯಲು, ಚಳಿಗೆ ಮುಖ ತೊಳೆಯಲು ಭೇಷಾಯಿತು. ಕಾಫಿಗೆ ಪ್ರಯೋಜನವಿಲ್ಲ.

ಆದರೆ ಇದೇ ಲೆಕ್ಕದಲ್ಲಿ ಒಂದು ಅಪಾಯ ಕೂತಿದೆ. ಮೇಲಿನ ಟ್ಯಾಂಕು ಬರಿದಾಗುತ್ತ ಬಂದು, ಅಥವಾ ನಲ್ಲಿಯ ಜಾಲರಿಯಲ್ಲಿ ಕಸ ಕಟ್ಟಿ, ಹರಿವು ನಿಮಿಷಕ್ಕೆ ಅರ್ಧ ಲೀಟರಿಗೆ ಇಳಿಯಿತೆನ್ನಿ. ಕಾಯಿಲ್ ಮಾತ್ರ ಅದೇ 3 ಕಿಲೋವಾಟ್ ಸುರಿಯುತ್ತಿರುತ್ತದೆ. ಈಗ ಏರುವ ಬಿಸಿ 80 ಡಿಗ್ರಿಗೂ ಹೆಚ್ಚು! ಬೆಚ್ಚಗಿನ ನೀರು ಬರುತ್ತಿದ್ದ ನಲ್ಲಿಯಿಂದ ಚಣದಲ್ಲಿ ಕುದಿನೀರು ಬರುತ್ತದೆ. ಒಳ್ಳೆಯ ತಯಾರಿಕೆಯಲ್ಲಿ ಹರಿವು ತಗ್ಗಿದರೆ ಕರೆಂಟು ಕಡಿಯುವ ಸ್ವಿಚ್ಚು, ಬಿಸಿ ಮಿತಿಮೀರಿದರೆ ನಿಲ್ಲಿಸುವ ಕಟ್‌ಔಟ್ ಎರಡೂ ಇರುತ್ತವೆ. ಅಗ್ಗದ ಮಾಲಿನಲ್ಲಿ ಇವು ಇವೆಯೋ ಇಲ್ಲವೋ ಎಂಬುದು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ತಿಳಿಯದು. ಪರದೆಯಲ್ಲಿ ಮಿನುಗುವ ಅಂಕಿ ಬಿಸಿಯನ್ನು ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅನುಕೂಲವನ್ನು ಹಳಿಯಬೇಕಿಲ್ಲ. ಕೀಲುನೋವಿನ ಅಜ್ಜಿ ಭರ್ತಿ ಕೆಟಲನ್ನು ಎತ್ತಿ ಬಗ್ಗಿಸುವುದನ್ನು ನೋಡಿದವರಿಗೆ ನಲ್ಲಿಯ ಬೆಲೆ ಗೊತ್ತಾಗುತ್ತದೆ. ಕುದಿನೀರಿನ ಪಾತ್ರೆಯನ್ನು ಒಲೆಯಿಂದ ಸಿಂಕಿಗೆ, ಅಡುಗೆಮನೆಯಿಂದ ಬಚ್ಚಲಿಗೆ ಇಕ್ಕಳದಲ್ಲಿ ಹಿಡಿದು ಸಾಗಿಸುವುದು ನಮ್ಮ ಮನೆಗಳಲ್ಲಿ ನಿತ್ಯ ನಡೆಯುವ ಸರ್ಕಸ್ಸು. ಕಾಲಿಗೆ ಸಿಕ್ಕುವ ಮಗು, ಒದ್ದೆ ನೆಲ, ಸಡಿಲಾದ ಇಕ್ಕಳ, ಇವುಗಳಲ್ಲಿ ಒಂದು ಸಾಕು. ಕಟ್ಟೆಯಂಚಿನಿಂದ ಜೋತ ಕೆಟಲಿನ ವೈರನ್ನು ಮಗು ಎಳೆದುಕೊಳ್ಳುವುದಂತೂ ಯಾವ ದೇಶದ ಪೋಷಕರನ್ನೂ ಬಿಡದ ಭಯ. ನೀರು ಬೇಕಾದಲ್ಲೇ, ಬೇಕಾದಷ್ಟೇ ಬಿಸಿಯಾಗಿ ಬಂದರೆ ಈ ಸಾಗಾಟ ನಿಲ್ಲುತ್ತದೆ. ಕುದಿನೀರಿನ ನಲ್ಲಿಯ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದೇ. ಸಮಯದ ಉಳಿತಾಯ ಆಮೇಲಿನದು.

ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಅಡುಗೆಮನೆಗೆ ಕುದಿನೀರು ಎಲ್ಲಿ ಬೇಕು? ಇಂಗ್ಲಿಷರ ಚಹಾ ಅಂದರೆ ಕಪ್ಪಿನಲ್ಲಿ ಬ್ಯಾಗು, ಮೇಲೆ ಕುದಿನೀರು; ನಲ್ಲಿ ಅವರಿಗೆ ಹೇಳಿಮಾಡಿಸಿದ್ದು. ನಮ್ಮ ಚಹಾ ಹಾಲು, ಸಕ್ಕರೆ, ಶುಂಠಿಯ ಸಮೇತ ಒಲೆಯ ಮೇಲೆಯೇ ಮರಳಬೇಕು. ಅಲ್ಲಿ ನಲ್ಲಿಗೆ ಪಾತ್ರವಿಲ್ಲ. ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ಮಾತ್ರ ಒಂದು ಲೋಟ ಕುದಿನೀರು ಸಾಕು, ಅಲ್ಲಿ ನಲ್ಲಿ ಗೆಲ್ಲುತ್ತದೆ. ಉಪ್ಪಿಟ್ಟಿಗೆ ಹುರಿದ ರವೆಯ ಮೇಲೆ ಹೊಯ್ಯುವ ನೀರು, ಮುದ್ದೆಗೆ ಇಡುವ ಎಸರು, ಶಾವಿಗೆ ನೆನೆಸುವ ನೀರು, ಬಾಣಂತಿಯ ಫ್ಲಾಸ್ಕು, ಮಗುವಿನ ಹಾಲಿನ ಬಾಟಲಿ ತೊಳೆಯುವ ನೀರು, ಮಳೆಗಾಲದಲ್ಲಿ ಕುದಿಸಿ ಆರಿಸಿದ ಕುಡಿಯುವ ನೀರು, ಪಟ್ಟಿ ಸಣ್ಣದೇನಲ್ಲ. ಈ ಪಟ್ಟಿಯಲ್ಲಿ ದಿನಕ್ಕೆ ಎಷ್ಟು ಸಲ ಟಿಕ್ ಹಾಕುತ್ತೀರಿ ಎಂಬುದರ ಮೇಲೆ ಖರೀದಿ ನಿಲ್ಲಬೇಕು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವರಾದರೆ, ದಿನವಿಡೀ ಸಿಂಕಿನ ಕೆಳಗೆ ಯಾರಿಗಾಗಿ ನೀರು ಕಾಯಬೇಕು?

ಕಾಯುವುದಕ್ಕೂ ಖರ್ಚಿದೆ. ಒಳ್ಳೆಯ ನಿರ್ವಾತ ಹೊದಿಕೆಯ ಟ್ಯಾಂಕು ಸುಮ್ಮನೆ ಬಿಸಿ ಹಿಡಿದುಕೊಂಡಿರಲು 10 ವಾಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 0.24 ಯೂನಿಟ್, ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಕೆಟಲಿನಲ್ಲಿ ಒಂದು ಲೀಟರ್ ಕುದಿಸಲು ಸುಮಾರು 0.1 ಯೂನಿಟ್ ಬೇಕು. ಅಂದರೆ ಒಂದು ಹನಿ ನೀರು ಹಿಡಿಯದಿದ್ದರೂ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ನೀರು ಕುದಿಸುವಷ್ಟು ಕರೆಂಟು ಹೋಗುತ್ತದೆ. ಹೊದಿಕೆ ಕಳಪೆಯಾಗಿದ್ದರೆ ಇನ್ನೂ ಹೆಚ್ಚು. ಲಕ್ಷುರಿ ಅಡುಗೆಮನೆಯವರಿಗೆ 7 ಯೂನಿಟ್ ಲೆಕ್ಕಕ್ಕಿಲ್ಲ, ಒಪ್ಪಿದೆ. ಆದರೆ 3 ಕಿಲೋವಾಟಿನ ಅಗ್ಗದ ನಲ್ಲಿ 20 ನಿಮಿಷಕ್ಕೆ ಒಂದು ಯೂನಿಟ್ ನುಂಗುತ್ತದೆ. ಪಾತ್ರೆ, ಮುಖ, ಬಟ್ಟೆ ಎಂದು ದಿನಕ್ಕೆ 40 ನಿಮಿಷ ಬಿಟ್ಟರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗೆರೆಯ ಹತ್ತಿರ ಬದುಕುವ ಮನೆಗೆ ಈ 60 ಯೂನಿಟ್ ಸಣ್ಣ ಮಾತಲ್ಲ. ಗೆರೆ ದಾಟಿದರೆ ಶೂನ್ಯ ಬಿಲ್ಲಿನ ಸುಖವೇ ಹೋಯಿತು.

ಮನೆಮನೆಯ ಬಿಸಿನೀರು ಸೇರಿದರೆ ಊರಿನ ಲೆಕ್ಕವೂ ಬದಲಾಗುತ್ತದೆ. 1990ರ ಜುಲೈ 4ರಂದು ಫುಟ್ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಟಿವಿ ಮುಂದಿನಿಂದ ಎದ್ದ ಬ್ರಿಟನ್ ನೇರ ಅಡುಗೆಮನೆಗೆ ಹೋಗಿ ಕೆಟಲ್ ಹಚ್ಚಿತು. ಬೇಡಿಕೆ ಒಮ್ಮೆಗೇ 2,800 ಮೆಗಾವಾಟ್ ಜಿಗಿಯಿತು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅಂಥ ಎರಡೂವರೆಗೂ ಮಿಕ್ಕಿದ ಶರಾವತಿಗಳು ಒಂದು ಸುತ್ತು ಚಹಾಕ್ಕೆ ಬೇಕಾದವು. ನಮ್ಮಲ್ಲಿ ಅಂಥ ಜಿಗಿತ ಬರುವುದು ಚಳಿಗಾಲದ ಬೆಳಿಗ್ಗೆ, ಊರಿಗೆ ಊರೇ ಗೀಸರ್ ಒತ್ತಿದಾಗ. ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಿಗೆ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತ ಬಂದದ್ದರ ಹಿಂದೆ ಈ ಬೆಳಗಿನ ಹೊರೆಯ ಚಿಂತೆಯೂ ಇದೆ. ಈಗ ಪ್ರತಿ ಸಿಂಕಿಗೂ 3 ಕಿಲೋವಾಟ್ ಸೇರಿಸುವ ಮುನ್ನ ತಾರಸಿಯ ಮೇಲಿನ ಬಿಸಿನೀರು ಅಡುಗೆಮನೆಗೂ ಒಂದು ಪೈಪಿನಲ್ಲಿ ಇಳಿದೀತೇ ಎಂದು ಪ್ಲಂಬರನ್ನು ಕೇಳುವುದು ಜಾಣತನ.

ಇನ್ನು ಸುಡುವ ವಿಷಯ. ಹಳೆಯ ಬಿಸಿನೀರು ಗಲಾಟೆ ಮಾಡಿಯೇ ಬರುತ್ತಿತ್ತು. ಬಚ್ಚಲೊಲೆಗೆ ಬೆಂಕಿ ಕಾಣುತ್ತಿತ್ತು, ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು, ಹಂಡೆಯ ನೀರು ಸಳಸಳ ಎನ್ನುತ್ತಿತ್ತು. ಎರಡು ವರ್ಷದ ಮಗುವೂ ಬೆಂಕಿ ಕಂಡರೆ ಹಿಂದೆ ಸರಿಯುತ್ತದೆ. ಉಕ್ಕಿನ ನಲ್ಲಿಯಲ್ಲಿ ಯಾವ ಸೂಚನೆಯೂ ಇಲ್ಲ. ತಣ್ಣೀರಿನದಕ್ಕೂ ಕುದಿನೀರಿನದಕ್ಕೂ ಒಂದೇ ಹೊಳಪು. ಹಳೆಯ ಒಲೆ ಪುಕ್ಕಟೆಯಾಗಿ ಕೊಡುತ್ತಿದ್ದ ಎಚ್ಚರಿಕೆಯನ್ನು ಈಗ ನಾವು ಹಣ ಕೊಟ್ಟು ಕೊಳ್ಳಬೇಕು, ಕೂರಿಸಬೇಕು, ಆಗಾಗ ಪರೀಕ್ಷಿಸಬೇಕು.

ಎಷ್ಟು ಬಿಸಿ ಎಷ್ಟು ಹೊತ್ತಿನಲ್ಲಿ ಸುಡುತ್ತದೆ ಎಂಬುದನ್ನು 1947ರಲ್ಲೇ ಹಾರ್ವರ್ಡ್‌ನ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ಅಳೆದು ಪ್ರಕಟಿಸಿದರು. ದೊಡ್ಡವರ ಚರ್ಮ 49 ಡಿಗ್ರಿಯ ನೀರನ್ನು ನಿಮಿಷಗಟ್ಟಲೆ ತಡೆಯುತ್ತದೆ. 60 ಡಿಗ್ರಿಯಲ್ಲಿ ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು. 70ರಲ್ಲಿ ಒಂದು ಸೆಕೆಂಡೂ ಹೆಚ್ಚು. ಮಕ್ಕಳ ಚರ್ಮ ತೆಳು, ವೃದ್ಧರದ್ದೂ ತೆಳು. ಅವರಿಗೆ ಇನ್ನೂ ಕಡಿಮೆ ಹೊತ್ತು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಅಂದಮೇಲೆ ಕುದಿನೀರಿನ ನಲ್ಲಿಯ ಮುಂದೆ ‘ಹುಷಾರಾಗಿ ಕೈ ಹಿಂದೆಗೆದುಕೊಂಡರಾಯಿತು’ ಎಂಬ ಮಾತಿಗೆ ಅರ್ಥವಿಲ್ಲ. ಕೈ ಹಿಂದೆ ಬರುವುದರೊಳಗೆ ಕೆಲಸ ಮುಗಿದಿರುತ್ತದೆ.

ಅದಕ್ಕೇ ಒಳ್ಳೆಯ ನಲ್ಲಿಗಳು ತೆರೆಯುವುದನ್ನೇ ಕಷ್ಟ ಮಾಡುತ್ತವೆ. ಹಿಡಿಯನ್ನು ಎರಡು ಸಲ ಒತ್ತಿ ಆಮೇಲೆ ತಿರುಗಿಸಬೇಕು. ಬಿಟ್ಟರೆ ತಾನೇ ನಿಲ್ಲಬೇಕು. ಜಪಾನಿನ ಮನೆಗಳಲ್ಲಿ ದಶಕಗಳಿಂದ ಇರುವ ವಿದ್ಯುತ್ ಬಿಸಿನೀರಿನ ಪಾಟ್‌ಗಳಲ್ಲೂ ಮೊದಲು ಲಾಕ್ ಬಿಡಿಸುವ ಗುಂಡಿ, ಆಮೇಲೆ ನೀರಿನ ಗುಂಡಿ. ನಮ್ಮ ಆಫೀಸುಗಳ ಬಬಲ್‌ಟಾಪ್ ಡಿಸ್ಪೆನ್ಸರಿನ ಕೆಂಪು ನಲ್ಲಿಗೂ ಇಂಥ ಚಿಲಕ ಇರುತ್ತದೆ. ಆರು ತಿಂಗಳಲ್ಲಿ ಅದು ಮುರಿದಿರುತ್ತದೆ, ಯಾರೂ ಹಾಕಿಸುವುದಿಲ್ಲ. ಚಿಲಕ ಮುರಿದ ಕುದಿನೀರಿನ ನಲ್ಲಿ ಕೆಟ್ಟ ನಲ್ಲಿ ಎಂದೇ ಲೆಕ್ಕ. ನೀರು ಬರುತ್ತಿದ್ದರೂ ಬಂದ್ ಮಾಡಿ. ಇನ್ನೊಂದು ಸಂಗತಿ ನೆನಪಿರಲಿ: ಕರೆಂಟು ಹೋದರೂ ಟ್ಯಾಂಕಿನೊಳಗಿನ ನೀರು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಸ್ವಿಚ್ ಆಫ್ ಇದೆಯೆಂದು ಮಗುವನ್ನು ಸಿಂಕಿನ ಕಟ್ಟೆಯ ಮೇಲೆ ಕೂರಿಸಬೇಡಿ.

ಈಗ ಗೋಡೆಯೊಳಕ್ಕೆ ಹೋಗೋಣ. ಕನ್ನಡದ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ನಡೆಯುವ ಸಂಭಾಷಣೆ ಇದು.

“ಸಾರ್, ನಿಮ್ಮ ಇಎಲ್‌ಸಿಬಿ ಪದೇ ಪದೇ ಬೀಳ್ತಾ ಇದೆ. ತೆಗೆದು ಡೈರೆಕ್ಟ್ ಕೊಟ್ಬಿಡ್ಲಾ?”

“ಏನೋ ಮಾಡಪ್ಪಾ, ಮಿಕ್ಸಿ ಓಡಿದ್ರೆ ಸಾಕು.”

ಎಷ್ಟು ಸಲೀಸಾಗಿ ಮುಗಿಯಿತು! ಇಎಲ್‌ಸಿಬಿ ಎಂದು ಈಗಲೂ ಕರೆಯುವ, ಪೆಟ್ಟಿಗೆಯ ಮೇಲೆ ಆರ್‌ಸಿಸಿಬಿ ಎಂದು ಬರೆದಿರುವ ಆ ಸಾಧನ ಬೀಳುತ್ತಿದೆಯೆಂದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಪಕ್ಕದಲ್ಲೇ ಸಾಲಾಗಿ ನಿಂತ ಎಂಸಿಬಿಗಳು ಈ ಕೆಲಸ ಮಾಡುವುದಿಲ್ಲ. 16 ಆಂಪಿಯರ್ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನ ಗುಂಡಿಗೆ ನಿಲ್ಲಲು ಆಂಪಿಯರ್‌ನ ಹತ್ತನೆಯ ಒಂದು ಭಾಗ ಹರಿದರೂ ಸಾಕು. ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ.

ಗೀಸರ್, ಕಾಯಿಲ್, ಬಿಸಿನೀರಿನ ನಲ್ಲಿ, ಎಲ್ಲದರಲ್ಲೂ ಕೆಡುವುದು ಸಾಮಾನ್ಯವಾಗಿ ಒಂದೇ: ನೀರಿನಲ್ಲಿ ಮುಳುಗಿರುವ ಎಲಿಮೆಂಟಿನ ಹೊರಕವಚ ಒಂದು ದಿನ ಬಿರುಕು ಬಿಡುತ್ತದೆ, ಕರೆಂಟು ನೀರಿಗೆ ಇಳಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಆ ಕರೆಂಟು ಅರ್ಥ್ ತಂತಿಯಲ್ಲಿ ಇಳಿದು ಹೋಗುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ನಲ್ಲಿ ಮುಟ್ಟಿದವರೇ ಅರ್ಥ್. ಅದರಲ್ಲೂ ಬಚ್ಚಲಲ್ಲಿ, ಸಿಂಕಿನ ಮುಂದೆ ಮೈ ಕೈ ಒದ್ದೆ, ಕಾಲು ಬರಿಗಾಲು. ಇದ್ದಿಲು, ಉಪ್ಪು ತುಂಬಿ ಮನೆ ಕಟ್ಟುವಾಗ ಮಾಡಿದ ಅರ್ಥ್ ಗುಂಡಿಗೆ ಆಮೇಲೆ ಎಂದಾದರೂ ನೀರು ಹೊಯ್ದಿದ್ದೇವೆಯೇ? ಎಷ್ಟೋ ಮನೆಗಳಲ್ಲಿ ಅದರ ಮೇಲೆ ಈಗ ಪಾರ್ಕಿಂಗ್ ಟೈಲ್ಸ್ ಕೂತಿದೆ. ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ತಂತಿ ಇದೆಯೆಂದು ನಂಬುವಂತಿಲ್ಲ. ಬಾಡಿಗೆ ಮನೆಗಳಲ್ಲಂತೂ ಅದು ಬರೀ ಅಲಂಕಾರವಾಗಿರುವ ಸಂದರ್ಭಗಳೇ ಹೆಚ್ಚು ಎಂದು ಯಾವ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ನಗುತ್ತ ಹೇಳಿಯಾನು.

3 ಕಿಲೋವಾಟ್ ಅಂದರೆ 13 ಆಂಪಿಯರ್. ಅದಕ್ಕೆ ಬೇಕಾದದ್ದು 16 ಆಂಪಿಯರಿನ ಪವರ್ ಪ್ಲಗ್, ಬೋರ್ಡಿನಿಂದ ನೇರ ಬಂದ ದಪ್ಪ ತಂತಿ, ಅದಕ್ಕೇ ಮೀಸಲಾದ ಎಂಸಿಬಿ. ಸಿಂಕಿನ ಹತ್ತಿರ ಇರುವುದು ಮಿಕ್ಸಿಯ 6 ಆಂಪಿಯರ್ ಪಾಯಿಂಟು. ಅಲ್ಲಿಗೆ ಒಂದು ಅಡಾಪ್ಟರ್ ತುರುಕಿ ನಲ್ಲಿ ಚಾಲೂ ಮಾಡಿದರೆ ಮೊದಲು ಪ್ಲಗ್ ಬಿಸಿಯಾಗುತ್ತದೆ, ಆಮೇಲೆ ಕಂದುತ್ತದೆ, ಸುಟ್ಟ ವಾಸನೆ ಬರುವ ಹೊತ್ತಿಗೆ ಗೋಡೆಯೊಳಗಿನ ತಂತಿಯ ಸಿಪ್ಪೆ ಕರಗಲು ಶುರುವಾಗಿರುತ್ತದೆ. ಪ್ಲಂಬರ್ ನಲ್ಲಿ ಕೂರಿಸುತ್ತಾನೆ, ಎಲೆಕ್ಟ್ರಿಷಿಯನ್ ಕರೆಂಟು ಕೊಡುತ್ತಾನೆ. ಇಬ್ಬರೂ ಒಟ್ಟಿಗೆ ಬಂದು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಬಿಸಿನೀರಿನ ನಲ್ಲಿಗಾದರೂ ಇಬ್ಬರನ್ನೂ ಒಂದೇ ದಿನ ಕರೆಸಿ. ನಲ್ಲಿಯ ಹೊರಬಾಯಿಗೆ ಪ್ಲಂಬರ್ ಇನ್ನೊಂದು ವಾಲ್ವ್ ಸಿಕ್ಕಿಸದಂತೆ ನೋಡಿಕೊಳ್ಳಿ. ತೆರೆದ ಬಾಯಿಯ ಹೀಟರಿನ ದಾರಿ ಮುಚ್ಚಿದರೆ ಒಳಗೆ ಹುಟ್ಟುವ ಒತ್ತಡಕ್ಕೆ ಹೋಗಲು ಎಡೆಯಿರುವುದಿಲ್ಲ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಹೊರಬಡಾವಣೆಗಳು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಎಲಿಮೆಂಟಿನ ಮೇಲೆ ಬಿಳಿ ಹೊಪ್ಪಳಿಕೆಯಾಗಿ ಕೂರುತ್ತದೆ. ಶಾಖ ನೀರಿಗೆ ದಾಟಲು ತಡೆಯಾಗಿ ಎಲಿಮೆಂಟು ತಾನೇ ಕಾದು ಬೇಗ ಬಿರುಕು ಬಿಡುತ್ತದೆ. ಆಮೇಲೆ ಆಗುವುದನ್ನು ಮೇಲೆಯೇ ಹೇಳಿದೆ. ಕಾವೇರಿ ನೀರು ಬರುವ ಮನೆಗೂ ಟ್ಯಾಂಕರ್ ನೀರು ಕುಡಿಯುವ ಮನೆಗೂ ಒಂದೇ ವಾರಂಟಿ ಕಾರ್ಡು ಸಿಗಬಹುದು, ಒಂದೇ ಆಯುಸ್ಸು ಸಿಗುವುದಿಲ್ಲ. ಗಡಸು ನೀರಿನ ಮನೆಯವರು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ತೊಳೆಸುವ ಖರ್ಚನ್ನು ನಲ್ಲಿಯ ಬೆಲೆಗೇ ಸೇರಿಸಿಕೊಳ್ಳಬೇಕು.

ಹಾಗೆಂದು ಹೊಸ ನಲ್ಲಿಯೊಂದರ ಮೇಲೇ ಕಣ್ಣಿಟ್ಟರೆ ಸಾಲದು. ಮನೆಯಲ್ಲಿ ಆಗಲೇ ಇರುವ ಬಿಸಿನೀರೂ ಸಾಧುವಲ್ಲ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು 70 ಡಿಗ್ರಿ ಮುಟ್ಟುವುದುಂಟು. ಪೈಪಿನಲ್ಲಿ ನಿಂತ ತಣ್ಣೀರು ಮುಗಿದು ಅದು ಒಮ್ಮೆಗೇ ಬಂದಾಗ ಬಕೆಟಿನಲ್ಲಿ ಮಗು ಕೂತಿರಬಾರದು. ಪಿ.ಜಿ. ಕೋಣೆಗಳಲ್ಲಿ ಮಂಚದ ಕೆಳಗೆ ಅಡಗಿಸಿಟ್ಟ ಕಾಯಿಲ್, ಪ್ಲಾಸ್ಟಿಕ್ ಬಕೆಟಿಗೆ ಅದನ್ನು ಇಳಿಬಿಟ್ಟು ಸ್ವಿಚ್ ಆರಿಸದೆ ನೀರು ಮುಟ್ಟಿ ನೋಡುವ ಚಾಳಿ, ಇವಕ್ಕೆ ಹೊಸ ತಂತ್ರಜ್ಞಾನದ ನೆಪ ಬೇಕಿಲ್ಲ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇಟ್ಟರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಗ್ಯಾಸ್ ಗೀಸರ್ ಇರಬೇಕಾದದ್ದು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ. ಇದರಲ್ಲಿ ರಾಜಿಯಿಲ್ಲ.

ಬಿಸಿನೀರು ಸುಡುವ ವಿಷಯವನ್ನು ಬೇರೆ ದೇಶಗಳು ಮನೆಯವರ ಎಚ್ಚರಕ್ಕೇ ಬಿಟ್ಟು ಕೂತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 1983ರಲ್ಲೇ ಒಂದು ಕಾನೂನು ತಂದು, ಹೊಸ ವಾಟರ್ ಹೀಟರುಗಳನ್ನು 49 ಡಿಗ್ರಿಗೆ ಹೊಂದಿಸಿಯೇ ಮನೆಗೆ ಕೊಡಬೇಕೆಂದಿತು. ಮುಂದಿನ ವರ್ಷಗಳಲ್ಲಿ ನಲ್ಲಿ ನೀರಿನಿಂದ ಸುಟ್ಟುಕೊಂಡು ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಇಂಗ್ಲೆಂಡಿನ ಕಟ್ಟಡ ನಿಯಮ ಹೊಸ ಮನೆಗಳ ಸ್ನಾನದ ತೊಟ್ಟಿಗೆ ಬರುವ ನೀರು 48 ಡಿಗ್ರಿ ಮೀರದಂತೆ ಕಟ್ಟು ಹಾಕಿದೆ. ಟ್ಯಾಂಕಿನಲ್ಲಿ ಲೀಜನೆಲ್ಲಾ ಎಂಬ ರೋಗಾಣು ಬೆಳೆಯದಿರಲು ನೀರು 60 ಡಿಗ್ರಿಯಲ್ಲಿರಬೇಕು, ಚರ್ಮಕ್ಕೆ ತಾಗುವಲ್ಲಿ 50 ಮೀರಬಾರದು. ಈ ಎರಡನ್ನೂ ಹೊಂದಿಸಲು ತಣ್ಣೀರು ಬೆರೆಸಿ ಬಿಸಿ ತಗ್ಗಿಸುವ ವಾಲ್ವ್ ಇದೆ. ನಮ್ಮ ಸೋಲಾರ್ ಮನೆಗಳಿಗೆ ಹೇಳಿಮಾಡಿಸಿದಂಥ ವಸ್ತು. ಸೋಲಾರ್ ಕೂರಿಸುವವರಲ್ಲಿ ಅದನ್ನು ತಾವಾಗಿಯೇ ಸೂಚಿಸುವವರು ಅಪರೂಪ, ಕೇಳುವ ಗ್ರಾಹಕರು ಇನ್ನೂ ಅಪರೂಪ.

ನಮ್ಮಲ್ಲಿ ನಿಯಮವೇ ಇಲ್ಲವೆಂದಲ್ಲ. ನೀರು ಕಾಯಿಸುವ ಕಾಯಿಲ್‌ಗೂ ಸಂಗ್ರಹ ಟ್ಯಾಂಕಿನ ಗೀಸರಿಗೂ ಐಎಸ್ಐ ಮುದ್ರೆ ಕಡ್ಡಾಯ. 2021ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮುದ್ರೆಯಿಲ್ಲದ ಕಾಯಿಲ್ ಮೊದಲಾದ ಗೃಹಬಳಕೆಯ ವಸ್ತುಗಳನ್ನು ಕೊಳ್ಳಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಮುದ್ರೆ ಅಸಲಿಯೇ ಎಂದು ನೋಡಲು ಬಿಐಎಸ್ ಕೇರ್ ಎಂಬ ಆ್ಯಪ್ ಇದೆ. ಮುದ್ರೆಯ ಕೆಳಗಿನ ‘ಸಿಎಂ/ಎಲ್’ ಸಂಖ್ಯೆಯನ್ನು ಅದರಲ್ಲಿ ಒತ್ತಿದರೆ ಪರವಾನಗಿ ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತು ಎರಡು ನಿಮಿಷದ ಕೆಲಸ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಆ ಸಂಖ್ಯೆ ಕಾಣುವಂತೆ ಚಿತ್ರ ಹಾಕದ ಮಾರಾಟಗಾರನಿಂದ ನೀರಿಗೆ ಕರೆಂಟು ತಾಗಿಸುವ ಯಾವ ವಸ್ತುವನ್ನೂ ಕೊಳ್ಳದಿರುವುದು ಕ್ಷೇಮ. ನಾಲ್ಕು ನಕ್ಷತ್ರ, ಸಾವಿರಾರು ಹೊಗಳಿಕೆಗಳೆಲ್ಲ ಆ ನಲ್ಲಿ ಮೊದಲ ವಾರ ಹೇಗಿತ್ತು ಎಂಬುದಕ್ಕೆ ಸಾಕ್ಷಿ, ಎಲಿಮೆಂಟು ಬಿರುಕು ಬಿಟ್ಟ ದಿನ ಹೇಗಿತ್ತು ಎಂಬುದಕ್ಕಲ್ಲ.

ಸುಟ್ಟೇ ಹೋಯಿತೆಂದರೆ? ಹರಿಯುವ ತಣ್ಣನೆಯ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿ 20 ನಿಮಿಷ. ಮಗು ಅತ್ತಿತೆಂದು ಎರಡೇ ನಿಮಿಷಕ್ಕೆ ಬಿಡಬೇಡಿ. ಉಂಗುರ, ಬಳೆ, ಬಿಸಿನೀರು ನೆನೆಸಿದ ಬಟ್ಟೆ ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ, ಇಂಕು, ಐಸು ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಶುದ್ಧ ಬಟ್ಟೆ ಸಡಿಲಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಮುಖ, ಕೈ, ಗುಪ್ತಾಂಗ ಸುಟ್ಟಿದ್ದರೆ, ಸುಟ್ಟವರು ಪುಟ್ಟ ಮಗುವಾಗಿದ್ದರೆ, ಗಾಯ ಸಣ್ಣದೆಂದು ಮನೆಯಲ್ಲೇ ಉಳಿಯಬೇಡಿ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಮಧ್ಯಮ ಇಲ್ಲವೇ ತೀವ್ರವಾಗಿ ಸುಟ್ಟುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ 20 ನಿಮಿಷ ಸರಿಯಾಗಿ ಕಳೆದರೆ ಗಾಯದ ಆಳ ತಗ್ಗುತ್ತದೆ.

ಈ ಲೆಕ್ಕದಲ್ಲಿ ಬಾಡಿಗೆದಾರರ ಕಷ್ಟ ಬೇರೆ. ನಲ್ಲಿ ಬಾಡಿಗೆದಾರನದು, ಗೋಡೆ ಮಾಲೀಕನದು. ಅರ್ಥಿಂಗ್ ಹಾಕಿಸಿ ಎಂದರೆ “ಇಷ್ಟು ವರ್ಷ ಇದ್ದೋರಿಗೆ ಏನೂ ಆಗ್ಲಿಲ್ಲವಲ್ಲಮ್ಮ” ಎಂಬ ಉತ್ತರ ಸಿದ್ಧವಿರುತ್ತದೆ. ಹತ್ತು ತಿಂಗಳ ಅಡ್ವಾನ್ಸ್, ಬಿಡುವಾಗ ಪೇಂಟಿಂಗ್ ಖರ್ಚು, ಎಲ್ಲವನ್ನೂ ಸಾಲುಸಾಲಾಗಿ ಬರೆಯುವ ಬಾಡಿಗೆ ಕರಾರಿನಲ್ಲಿ ‘ಆರ್‌ಸಿಸಿಬಿ ಮತ್ತು ಅರ್ಥಿಂಗ್ ಪರೀಕ್ಷಿಸಿ ಕೊಡಲಾಗಿದೆ’ ಎಂಬ ಒಂದು ಸಾಲಿಗೆ ಜಾಗ ಇಲ್ಲವೇ? ಫ್ಲ್ಯಾಟ್ ಕೊಳ್ಳುವವರು ಟೈಲ್ಸ್ ಬಣ್ಣಕ್ಕೆ ಬಿಲ್ಡರ್ ಜೊತೆ ಮೂರು ದಿನ ಜಗಳವಾಡುತ್ತಾರೆ. ಅರ್ಥ್ ರೆಸಿಸ್ಟೆನ್ಸ್ ಎಷ್ಟಿದೆಯೆಂಬ ಪರೀಕ್ಷೆಯ ಚೀಟಿಯನ್ನೂ ಅದೇ ಜೋರಿನಲ್ಲಿ ಕೇಳಬೇಕು. ಅಪಾರ್ಟ್‌ಮೆಂಟ್ ಸಂಘಗಳು ವರ್ಷಕ್ಕೊಮ್ಮೆ ಲಿಫ್ಟ್ ನೋಡಿಸುವ ದಿನವೇ ಅರ್ಥ್ ಗುಂಡಿಗಳನ್ನೂ ಅಳೆಸಿ ಫಲಿತಾಂಶವನ್ನು ನೋಟೀಸು ಹಲಗೆಗೆ ಅಂಟಿಸಲಿ. ಪಿ.ಜಿ. ನಡೆಸುವವರಿಗೆ ಪರವಾನಗಿ ನವೀಕರಿಸುವ ಮೊದಲು ಪಾಲಿಕೆ ಇದೇ ಚೀಟಿಯನ್ನು ಕೇಳಲಿ.

ಕುದಿನೀರಿನ ನಲ್ಲಿ ಬೇಕೇ ಬೇಡವೇ ಎಂಬುದನ್ನು ನಿಮ್ಮ ಜೇಬು, ನಿಮ್ಮ ಮನೆಯ ವಯಸ್ಸಾದವರ ಮಂಡಿ, ಮೊಣಕೈ ತೀರ್ಮಾನಿಸಲಿ. ಅದಕ್ಕೂ ಮೊದಲು ಒಂದು ಪುಕ್ಕಟೆ ಕೆಲಸವಿದೆ. ಈ ಭಾನುವಾರ ಕಂಪ್ಯೂಟರ್ ಆರಿಸಿ, ಮೀಟರ್ ಬೋರ್ಡಿನ ಪೆಟ್ಟಿಗೆ ತೆರೆಯಿರಿ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಒತ್ತಿ. ಟಪ್ ಎಂದು ಬಿದ್ದು ಮನೆಯ ಕರೆಂಟು ಹೋದರೆ ಆ ಸಾಧನ ಜೀವಂತವಾಗಿದೆ, ಮೇಲೆತ್ತಿ ಬಿಡಿ. ಬೀಳದಿದ್ದರೆ ಸೋಮವಾರವೇ ಎಲೆಕ್ಟ್ರಿಷಿಯನ್ ಬರಲಿ. ಗುಂಡಿಯೇ ಕಾಣಿಸದಿದ್ದರೆ ಎಲ್ಲಕ್ಕಿಂತ ಮೊದಲ ಖರೀದಿ ಯಾವುದೆಂದು ಗೊತ್ತಾಯಿತು. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಮಾತ್ರ ಈ ಗುಂಡಿ ಹೇಳುವುದಿಲ್ಲ. ಅದಕ್ಕೆ ಮೀಟರ್ ತಂದು ಅಳೆಯುವವರೇ ಬರಬೇಕು. ಅವರಿಗೆ ಕೊಡುವ ಹಣವನ್ನು ನಲ್ಲಿಯ ಬಿಲ್ಲಿನ ಮೊದಲ ಸಾಲಾಗಿ ಬರೆದುಕೊಳ್ಳಿ.